ಡಿಸ್ಟಾರ್ಷನ್ ಪೆಡಲ್ ದನಿ ಬದಲಾಗಬೇಕೆ? ಎರಡು ಡಯೋಡ್ ಸಾಕು

ಎಲೆಕ್ಟ್ರಿಕ್ ಗಿಟಾರಿನ ದನಿಯನ್ನು ಒರಟಾಗಿಸಿ ಗರ್ಜಿಸುವಂತೆ ಮಾಡುವ, ಕಾಲಲ್ಲಿ ಒತ್ತುವ ಪುಟ್ಟ ಪೆಟ್ಟಿಗೆಯೇ ಡಿಸ್ಟಾರ್ಷನ್ ಪೆಡಲ್. ಹೊಸ ದನಿ ಬೇಕೆಂದರೆ ಹೊಸ ಪೆಡಲನ್ನೇ ಕೊಳ್ಳಬೇಕಿಲ್ಲ. ಕೈಯಲ್ಲಿರುವ ಡಿಸ್ಟಾರ್ಷನ್ ಪೆಡಲ್‌ನ ಗುಣವನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಅಕ್ಕಿಕಾಳಿಗಿಂತ ಚಿಕ್ಕದಾದ ಎರಡು ಡಯೋಡ್‌ಗಳು. ಡಯೋಡ್ ಎಂದರೆ ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ. ಅವನ್ನು ಮನೆಯಲ್ಲೇ ಬದಲಿಸಬಹುದು. ಬೆಸುಗೆ ಹಾಕಲು ಬಂದರೆ ಒಂದು ಸಂಜೆಯ ಕೆಲಸ. ಬರದಿದ್ದರೆ ಮೊದಲು ಕೆಟ್ಟುಹೋದ ಯಾವುದಾದರೂ ಹಳೆ ಬೋರ್ಡ್ ಮೇಲೆ ಕೈ ಪಳಗಿಸಿಕೊಳ್ಳಿ.

ಉದಾಹರಣೆಗೆ ಬಾಸ್ ಕಂಪನಿಯ ಡಿಎಸ್-1 ತೆಗೆದುಕೊಳ್ಳೋಣ. 1978ರಲ್ಲಿ ಬಂದ ಈ ಕಿತ್ತಳೆ ಬಣ್ಣದ ಪೆಡಲ್ ಇಂದಿಗೂ ಸಿಗುತ್ತದೆ. ಇದರೊಳಗೆ ಗಿಟಾರ್ ಸಿಗ್ನಲ್ ಮೊದಲು ನೂರಾರು ಪಟ್ಟು ಹಿಗ್ಗುತ್ತದೆ. ಆಮೇಲೆ ಎದುರುಬದುರಾಗಿ ಕೂತ ಎರಡು ಡಯೋಡ್‌ಗಳು ಅಲೆಯ ಮೇಲಿನ ಮತ್ತು ಕೆಳಗಿನ ತುದಿಗಳನ್ನು ಕತ್ತರಿಸುತ್ತವೆ. ತುದಿ ಚಪ್ಪಟೆಯಾದಾಗ ಹುಟ್ಟುವ ಹೊಸ ಕಂಪನಗಳೇ ನಾವು ಕೇಳುವ ಗರ್ಜನೆ. ಯಾವ ಮಟ್ಟದಲ್ಲಿ ಕತ್ತರಿಸಬೇಕು ಎನ್ನುವುದು ಡಯೋಡ್ ಮೇಲೆ ನಿಂತಿದೆ. ಮಾಮೂಲಿ ಸಿಲಿಕಾನ್ ಡಯೋಡ್ ಸುಮಾರು 0.6 ವೋಲ್ಟ್‌ಗೆ ಕತ್ತರಿಸಿದರೆ ಜರ್ಮೇನಿಯಂ 0.3ರ ಆಸುಪಾಸಿನಲ್ಲೇ ಶುರು ಮಾಡುತ್ತದೆ. ಕೆಂಪು ಎಲ್‌ಇಡಿ 1.7 ವೋಲ್ಟ್‌ವರೆಗೂ ಸುಮ್ಮನಿರುತ್ತದೆ.

ಈ ಅಂಕಿಗಳು ಕಿವಿಗೆ ಹೀಗೆ ಕೇಳುತ್ತವೆ: ಎಲ್‌ಇಡಿ ಹಾಕಿದರೆ ದನಿ ಜೋರು, ಬಿಚ್ಚುಮನಸ್ಸಿನದು. ತಂತಿಯನ್ನು ಮೆಲ್ಲಗೆ ಮೀಟಿದ್ದಕ್ಕೂ ಜೋರಾಗಿ ಮೀಟಿದ್ದಕ್ಕೂ ವ್ಯತ್ಯಾಸ ಸ್ಪಷ್ಟ. ಜರ್ಮೇನಿಯಂ ಆದರೆ ದನಿ ಸಣ್ಣದು, ಅಂಚು ಮೆತ್ತಗೆ. ಒಂದು ಬದಿಗೆ ಒಂದು ಸಿಲಿಕಾನ್, ಇನ್ನೊಂದು ಬದಿಗೆ ಸರಣಿಯಾಗಿ ಎರಡು ಹಾಕಿದರೆ ಅಲೆಯ ಎರಡು ಅರ್ಧಗಳು ಬೇರೆ ಬೇರೆ ಎತ್ತರದಲ್ಲಿ ಕತ್ತರಿಸಿಹೋಗುತ್ತವೆ, ದನಿಯ ಬಣ್ಣವೇ ಬದಲಾಗುತ್ತದೆ. ನನ್ನ ಓಟು ಎಲ್‌ಇಡಿಗೆ. ಸುಲಭವಾಗಿ ಸಿಗುತ್ತದೆ, ವ್ಯತ್ಯಾಸವೂ ಎದ್ದು ಕಾಣುತ್ತದೆ.

ಈಗ ಕೆಲಸ. ಅಡಾಪ್ಟರ್ ಕಿತ್ತು ಬ್ಯಾಟರಿ ತೆಗೆಯಿರಿ. ಪೆಡಲ್ 9 ವೋಲ್ಟ್‌ನದು, ಶಾಕ್ ಹೊಡೆಯುವ ಭಯವಿಲ್ಲ. ಆದರೆ ಇದೇ ಧೈರ್ಯದಲ್ಲಿ ಆಂಪ್ಲಿಫೈಯರ್ ಬಿಚ್ಚಲು ಹೋಗಬೇಡಿ. ಗಾಜಿನ ವಾಲ್ವ್ ಇರುವ ಆಂಪ್ ಒಳಗೆ ಪ್ಲಗ್ ಕಿತ್ತ ಮೇಲೂ ನೂರಾರು ವೋಲ್ಟ್ ಉಳಿದಿರಬಹುದು.

ತಳದ ತಟ್ಟೆಯ ಸ್ಕ್ರೂ ಬಿಚ್ಚಿ. ಬಿಡಿಭಾಗಗಳು ಒಳಮುಖವಾಗಿದ್ದರೆ ಮೇಲಿನ ನಾಬ್ ಎಳೆದು, ನಟ್ ಸಡಿಲಿಸಿ ಬೋರ್ಡನ್ನು ಹೊರತೆಗೆಯಬೇಕು. ಒಂದು ಫೋಟೋ ತೆಗೆದಿಟ್ಟುಕೊಳ್ಳಿ, ಯಾವ ವೈರ್ ಎಲ್ಲಿತ್ತು ಅನ್ನೋದು ಆಮೇಲೆ ಖಂಡಿತ ಮರೆತುಹೋಗುತ್ತದೆ. ಬೋರ್ಡ್ ಮೇಲಿನ ಭಾಗಗಳಿಗೆ ಕಾಲುಗಳೇ ಕಾಣದೆ ಎಲ್ಲವೂ ಮೇಲ್ಮೈಗೆ ಅಂಟಿಕೊಂಡಂತಿದ್ದರೆ ಅಲ್ಲಿಗೇ ನಿಲ್ಲಿಸಿ. ಅದು ಮಾಮೂಲಿ ಸಾಲ್ಡರಿಂಗ್ ಐರನ್‌ಗೆ ಬಗ್ಗುವ ಕೆಲಸವಲ್ಲ.

ಕಾಲಿರುವ ಭಾಗಗಳಾದರೆ ಡಿ4, ಡಿ5 ಎಂಬ ಗುರುತು ಹುಡುಕಿ. ಡಿಎಸ್-1ರಲ್ಲಿ ದನಿ ಕತ್ತರಿಸುವ ಜೋಡಿ ಇದೇ. ಬೇರೆ ಡಯೋಡ್‌ಗಳೂ ಇರುತ್ತವೆ, ಅವುಗಳ ಕೆಲಸ ಬೇರೆ, ಮುಟ್ಟಬೇಡಿ. ಡಿ4 ಹತ್ತಿರದಿಂದ ನೋಡಿದರೆ ಪುಟ್ಟ ಗಾಜಿನ ಕೊಳವೆ, ಒಂದು ತುದಿಯಲ್ಲಿ ಕಪ್ಪು ಪಟ್ಟಿ. ಪಟ್ಟಿ ಇರುವ ಬದಿ ಕ್ಯಾಥೋಡ್, ಅಂದರೆ ಋಣ ತುದಿ. ಡಿ5ರ ಸಂಪರ್ಕ ಇದಕ್ಕೆ ತಿರುವುಮುರುವು. ಕೀಳುವ ಮೊದಲೇ ಪಟ್ಟಿ ಯಾವ ತೂತಿನ ಕಡೆಗಿದೆ ಎಂದು ಎರಡಕ್ಕೂ ಬರೆದಿಟ್ಟುಕೊಳ್ಳಿ.

ಕೀಳುವುದೇ ಇಡೀ ಕೆಲಸದಲ್ಲಿ ನಾಜೂಕಿನ ಘಟ್ಟ. ಐರನ್ ಸುಮಾರು 350 ಡಿಗ್ರಿಗೆ ಕಾಯಲಿ. ಹಳೆ ಬೆಸುಗೆಯ ಮೇಲೆ ಚೂರು ಹೊಸ ಸೀಸ ಸೇರಿಸಿ. ಮಂಕಾಗಿದ್ದ ಬೆಸುಗೆ ಥಟ್ಟನೆ ಕನ್ನಡಿಯಂತೆ ಹೊಳೆಯುತ್ತದೆ, ಕರಗಿದೆ ಎನ್ನುವುದಕ್ಕೆ ಅದೇ ಗುರುತು. ಆಗ ಸೀಸ ಹೀರುವ ಪಂಪ್‌ನಿಂದ ಎಳೆದುಬಿಡಿ. ಮೂರು ಸೆಕೆಂಡಿನಲ್ಲಿ ಆಗಲಿಲ್ಲವೇ, ಐರನ್ ತೆಗೆದು ಆರಲು ಬಿಡಿ. ಜಾಸ್ತಿ ಹೊತ್ತು ಒತ್ತಿದರೆ ಬೋರ್ಡ್‌ನ ತಾಮ್ರದ ಪದರವೇ ಎದ್ದುಬರುತ್ತದೆ. ಡಯೋಡ್ ಹಟ ಮಾಡಿದರೆ ಅದನ್ನೇ ಕತ್ತರಿಸಿ, ಕಾಲುಗಳನ್ನು ಒಂದೊಂದಾಗಿ ಎಳೆಯಿರಿ. ಡಯೋಡ್ ಅಗ್ಗ, ಬೋರ್ಡ್ ಅಲ್ಲ. ಕಿಟಕಿ ತೆರೆದಿರಲಿ, ಮುಗಿದ ಮೇಲೆ ಕೈ ಚೆನ್ನಾಗಿ ತೊಳೆಯಿರಿ.

ಹೊಸ ಡಯೋಡನ್ನು ನೇರವಾಗಿ ಬೆಸೆಯುವ ಬದಲು ಆ ತೂತುಗಳಿಗೆ ಐಸಿ (ಚಿಪ್) ಕೂರಿಸುವ ಸಾಕೆಟ್‌ನ ತುಂಡುಗಳನ್ನು ಬೆಸೆಯಿರಿ. ಆಗ ಎಲ್‌ಇಡಿ, ಜರ್ಮೇನಿಯಂ, ಹಳೆ ಸಿಲಿಕಾನ್ ಯಾವುದನ್ನಾದರೂ ಸುಮ್ನೆ ಚುಚ್ಚಿ ನೋಡಬಹುದು. ಶಾಖಕ್ಕೆ ಬೇಗ ಕೆಡುವ ಜರ್ಮೇನಿಯಂಗೂ ಇದೇ ಒಳ್ಳೆಯದು. ಎಲ್‌ಇಡಿಯಲ್ಲಿ ಗಿಡ್ಡ ಕಾಲು ಕ್ಯಾಥೋಡ್. ಮೊದಲು ಪಟ್ಟಿ ಇದ್ದ ತೂತಿಗೆ ಅದು ಹೋಗಬೇಕು.

ಕೇಳಿ ನೋಡುವಾಗ ಒಂದು ಎಚ್ಚರ. ಎಲ್‌ಇಡಿ ಹಾಕಿದ ಕೂಡಲೇ ಆಹಾ ಎನಿಸುವುದು ಅರ್ಧ ಮೋಸ. ಸಿಗ್ನಲ್ ಎರಡೂವರೆ ಪಟ್ಟಿಗಿಂತ ಎತ್ತರಕ್ಕೆ ಹೋಗಿರುತ್ತದೆ, ಜೋರಾಗಿರುವುದೆಲ್ಲ ನಮ್ಮ ಕಿವಿಗೆ ಚೆನ್ನಾಗಿಯೇ ಕೇಳುತ್ತದೆ ಅಲ್ವಾ. ಲೆವೆಲ್ ನಾಬ್ ಇಳಿಸಿ, ಹಳೆಯದರಷ್ಟೇ ಜೋರಿಗೆ ತಂದು ಹೋಲಿಸಿ. ಒಂದು ಸಲಕ್ಕೆ ಒಂದೇ ಬದಲಾವಣೆ ಇರಲಿ. ಹತ್ತು ಭಾಗ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಎಂದು ಗೊತ್ತಾಗುವುದೇ ಇಲ್ಲ.

ದನಿ ತೆಳು ಎನಿಸಿದರೆ ಮುಂದಿನ ಹೆಜ್ಜೆ ಕೆಪಾಸಿಟರ್, ಅಂದರೆ ವಿದ್ಯುತ್ತನ್ನು ಹಿಡಿದಿಟ್ಟು ಬಿಡುವ ಬಿಡಿಭಾಗ. ಸಿಗ್ನಲ್ ದಾರಿಯಲ್ಲಿ ಕೂತ ಕೆಪಾಸಿಟರ್‌ನ ಅಳತೆ (ಮೈಕ್ರೋಫ್ಯಾರಡ್) ಇಮ್ಮಡಿಸಿದರೆ, ಬೇಸ್ (ತಗ್ಗು ದನಿ) ಕಡಿತ ಶುರುವಾಗುವ ಆವರ್ತನ ಅರ್ಧಕ್ಕೆ ಇಳಿಯುತ್ತದೆ. ಐಬನೇಜ್ ಕಂಪನಿಯ ಪೆಡಲ್ ಟ್ಯೂಬ್ ಸ್ಕ್ರೀಮರ್‌ನಲ್ಲಿ 4.7 ಕಿಲೋಓಮ್ ರೆಸಿಸ್ಟರ್ ಜೊತೆಗಿರುವ 0.047 ಮೈಕ್ರೋಫ್ಯಾರಡ್‌ನಿಂದಾಗಿ 720 ಹರ್ಟ್ಸ್‌ಗಿಂತ ಕೆಳಗಿನ ದನಿ ಕಡಿಮೆ ಹಿಗ್ಗುತ್ತದೆ. ಅಲ್ಲಿ 0.1 ಹಾಕಿದರೆ ಅದು ಸುಮಾರು 340ಕ್ಕೆ ಇಳಿದು ದನಿಗೆ ಮೈ ಬರುತ್ತದೆ. ಅತಿಯಾದರೆ ಹಲವು ತಂತಿ ಒಟ್ಟಿಗೆ ಮೀಟಿ ಕಾರ್ಡ್ ನುಡಿಸಿದಾಗ ಎಲ್ಲ ಕಲಸಿದಂತಾಗುತ್ತದೆ.

ಸಿಗ್ನಲ್ ಹಿಗ್ಗಿಸುವ ಆಪ್ ಆಂಪ್ ಚಿಪ್ ಬದಲಿಸುವುದರ ಬಗ್ಗೆ ಮಾತು ಬಹಳ, ಫಲ ಕಡಿಮೆ. ಪ್ರೊಕೋ ಕಂಪನಿಯ ಹಳೆ ಪೆಡಲ್ ರ್‍ಯಾಟ್‌ನ ಎಲ್‌ಎಂ308 ಇದಕ್ಕೆ ಅಪವಾದ. ಆ ಚಿಪ್ ನಿಧಾನದ್ದು, ಆ ನಿಧಾನವೇ ರ್‍ಯಾಟ್ ದನಿಯ ಒಂದು ಪಾಲು. ಬದಲಿಸಿದರೆ ಕಳೆದುಕೊಳ್ಳುವುದೇ ಹೆಚ್ಚು.

ಜೋಡಿಸಿದ ಮೇಲೆ ದೀಪ ಹತ್ತಿ ದನಿ ಬರದಿದ್ದರೆ ಗಾಬರಿ ಬೇಡ. ಭೂತಗನ್ನಡಿ ಹಿಡಿದು, ಅಕ್ಕಪಕ್ಕದ ಎರಡು ಬೆಸುಗೆ ಸೇರಿಕೊಂಡಿವೆಯೇ ನೋಡಿ. ಮಲ್ಟಿಮೀಟರ್ ಇದ್ದರೆ ಸಿಗ್ನಲ್ ಬಿಂದುವಿನಿಂದ ಗ್ರೌಂಡ್‌ಗೆ ನೇರ ಸಂಪರ್ಕ ಆಗಿದೆಯೇ ಪರೀಕ್ಷಿಸಿ. ದನಿ ಬಂದರೂ ವಿಚಿತ್ರವಾಗಿದ್ದರೆ ಎರಡೂ ಡಯೋಡ್ ಒಂದೇ ದಿಕ್ಕಿಗೆ ಕೂತಿರಬಹುದು. ಸಾಕೆಟ್ ಹಾಕಿದ್ದರೆ ಒಂದನ್ನು ಕಿತ್ತು ತಿರುಗಿಸಿ ಚುಚ್ಚಿದರೆ ಆಯಿತು. ಮನಸ್ಸಿಗೆ ಒಪ್ಪುವ ಜೋಡಿ ಸಿಕ್ಕ ಮೇಲೆ ಕಾಲುಗಳನ್ನು ಗಿಡ್ಡ ಮಾಡಿ ತಳದ ತಟ್ಟೆ ಹಾಕಿ, ಲೋಹಕ್ಕೆ ಏನೂ ತಾಗಬಾರದು. ಕಿತ್ತ ಹಳೆ ಡಯೋಡ್‌ಗಳನ್ನು ಒಂದು ಚೀಟಿಗೆ ಅಂಟಿಸಿ ಎತ್ತಿಡಿ.