ಎಂಟು ಥ್ರೆಡ್, ಒಂದೇ ಕ್ಯಾಶ್: ಲಿಬ್‌ಕರ್ಲ್‌ನಲ್ಲಿ ಹಂಚಿಕೊಳ್ಳುವುದು ಹೇಗೆ?

ನಿಮ್ಮ ಸಿ ಪ್ರೋಗ್ರಾಮ್ ಎಂಟು ಥ್ರೆಡ್ (ಒಟ್ಟಿಗೇ ಓಡುವ ಕೆಲಸದ ಎಳೆಗಳು) ಇಟ್ಟುಕೊಂಡು ಒಂದೇ ಸರ್ವರ್‌ನಿಂದ ಫೈಲ್ ಇಳಿಸಿಕೊಳ್ಳುತ್ತಿದೆ ಅಂದುಕೊಳ್ಳಿ. ಲಿಬ್‌ಕರ್ಲ್‌ನಲ್ಲಿ (ನೆಟ್‌ನಿಂದ ಫೈಲ್ ತರಿಸಿಕೊಳ್ಳಲು ಬಳಸುವ ಸಿ ಲೈಬ್ರರಿ) ಪ್ರತಿ ಥ್ರೆಡ್‌ಗೂ ತನ್ನದೇ ಈಸಿ ಹ್ಯಾಂಡಲ್ (ಒಂದು ಡೌನ್‌ಲೋಡ್‌ನ ವಿವರ ಹಿಡಿದಿಡುವ ವಸ್ತು) ಬೇಕು. ಒಂದೇ ಹ್ಯಾಂಡಲನ್ನು ಎರಡು ಥ್ರೆಡ್ ಒಟ್ಟಿಗೆ ಮುಟ್ಟುವ ಹಾಗಿಲ್ಲ. ಹ್ಯಾಂಡಲ್ ಬೇರೆಯಾದ ಮೇಲೆ ಕ್ಯಾಶ್ ಕೂಡ ಬೇರೆಯೇ (ದುಡ್ಡಿನ ಕ್ಯಾಶ್ ಅಲ್ಲ, ಒಮ್ಮೆ ಕೇಳಿ ತಿಳಿದದ್ದನ್ನು ನೆನಪಿಟ್ಟುಕೊಳ್ಳುವ ಜಾಗ). ಹಾಗಾಗಿ ಈ ಸರ್ವರ್‌ನ ಐಪಿ ವಿಳಾಸ ಯಾವುದು ಅಂತ ಎಂಟು ಥ್ರೆಡ್‌ಗಳೂ ಹೆಸರಿಗೆ ವಿಳಾಸ ಹುಡುಕಿಕೊಡುವ ಡಿಎನ್‌ಎಸ್‌ನ ಬಾಗಿಲು ತಟ್ಟುತ್ತವೆ. ಒಬ್ಬ ಕೇಳಿ ಬಂದು ಉಳಿದವರಿಗೆ ಹೇಳಿದರೆ ಸಾಕಲ್ವಾ?

ಸಾಕು. ಅದಕ್ಕೇ ಲಿಬ್‌ಕರ್ಲ್‌ನಲ್ಲಿ ಶೇರ್ ಹ್ಯಾಂಡಲ್ ಅಂತ ಒಂದಿದೆ. ಇಲ್ಲಿ ಹೆಸರುಗಳನ್ನು ಬಾಯಲ್ಲಿ ಹೇಳುವ ಹಾಗೆ ಬರೆದಿದ್ದೇನೆ, ಕೋಡ್‌ನಲ್ಲಿ ಟೈಪ್ ಮಾಡುವಾಗ ನಡುವೆ ಅಂಡರ್‌ಸ್ಕೋರ್ ಹಾಕಿಕೊಳ್ಳಿ.

ಮೊದಲು ಮೇನ್ ಫಂಕ್ಷನ್‌ನಲ್ಲಿ, ಒಂದೂ ಥ್ರೆಡ್ ಹುಟ್ಟುವ ಮುಂಚೆ, ಕರ್ಲ್ ಗ್ಲೋಬಲ್ ಇನಿಟ್ ಕರೆಯಿರಿ. ಆಮೇಲೆ ಕರ್ಲ್ ಶೇರ್ ಇನಿಟ್. ಅದು ಕೊಡುವ ಹ್ಯಾಂಡಲ್ಲೇ ನಿಮ್ಮ ಸಾಮಾನು ಇಡುವ ಕೋಣೆ. ಆದರೆ ಈ ಕೋಣೆಗೆ ಚಿಲಕ ಇರುವುದಿಲ್ಲ, ಅದನ್ನು ನೀವೇ ಹಾಕಬೇಕು. ನೀವು ಪಿಥ್ರೆಡ್ (ಲಿನಕ್ಸ್‌ನಂಥ ಕಡೆ ಬಳಸುವ ಥ್ರೆಡ್ ಲೈಬ್ರರಿ) ಬಳಸುತ್ತೀರೋ ವಿಂಡೋಸ್‌ನ ಥ್ರೆಡ್ ಬಳಸುತ್ತೀರೋ ಲಿಬ್‌ಕರ್ಲ್‌ಗೆ ಗೊತ್ತಿಲ್ಲ. ಹಾಗಾಗಿ ಅದು 'ಈಗ ಚಿಲಕ ಹಾಕು', 'ಈಗ ತೆಗಿ' ಅಂತ ನಿಮ್ಮ ಎರಡು ಫಂಕ್ಷನ್‌ಗಳನ್ನು ಕರೆಯುತ್ತದೆ, ಅಷ್ಟೇ. ಅವನ್ನು ಕರ್ಲ್ ಶೇರ್ ಸೆಟ್‌ಆಪ್ಟ್ ಮೂಲಕ ಲಾಕ್‌ಫಂಕ್, ಅನ್‌ಲಾಕ್‌ಫಂಕ್ ಎಂಬ ಆಯ್ಕೆಗಳಲ್ಲಿ ಕೊಡಬೇಕು.

ಜಾಸ್ತಿ ಜನ ಎಡವುವುದು ಇಲ್ಲೇ. ನಾನೂ ಎಡವಿದ್ದೇನೆ. ಎಲ್ಲಕ್ಕೂ ಒಂದೇ ಮ್ಯೂಟೆಕ್ಸ್ (ಒಂದು ಸಲಕ್ಕೆ ಒಂದೇ ಥ್ರೆಡ್‌ ಅನ್ನು ಒಳಗೆ ಬಿಡುವ ಚಿಲಕ) ಸಾಕು ಅಂತ ಬರೆದೆ. ಟೆಸ್ಟ್‌ನಲ್ಲಿ ಚೆನ್ನಾಗಿ ಓಡಿತು. ಒಂದು ಸಂಜೆ ಪ್ರೋಗ್ರಾಮ್ ಗರ ಬಡಿದ ಹಾಗೆ ನಿಂತುಬಿಟ್ಟಿತು, ಸಿಪಿಯು ಸೊನ್ನೆ, ಎರರ್ ಇಲ್ಲ, ಲಾಗ್‌ನಲ್ಲಿ ಒಂದಕ್ಷರವೂ ಇಲ್ಲ. ಜಿಡಿಬಿ ಎಂಬ ಡೀಬಗರ್ ಅಂಟಿಸಿ ನೋಡಿದರೆ ಒಂದೇ ಥ್ರೆಡ್‌ನ ಸ್ಟ್ಯಾಕ್‌ನಲ್ಲಿ ನನ್ನ ಲಾಕ್ ಫಂಕ್ಷನ್ ಎರಡು ಸಲ ಕೂತಿತ್ತು. ಒಂದು ಬಗೆಯ ಡೇಟಾಕ್ಕೆ ಚಿಲಕ ಹಾಕಿಕೊಂಡಿರುವಾಗಲೇ ಲಿಬ್‌ಕರ್ಲ್ ಇನ್ನೊಂದು ಬಗೆಗೂ ಕೇಳಿದೆ. ನನ್ನ ಹತ್ತಿರ ಇದ್ದದ್ದು ಒಂದೇ ಮ್ಯೂಟೆಕ್ಸ್, ಹಾಗಾಗಿ ಆ ಥ್ರೆಡ್ ತಾನೇ ಹಾಕಿದ ಚಿಲಕ ತೆರೆಯಲಿ ಅಂತ ತಾನೇ ಕಾಯುತ್ತಾ ನಿಂತಿದೆ!

ಸರಿಯಾದ ದಾರಿ ಹೀಗೆ. ಲಾಕ್ ಫಂಕ್ಷನ್‌ಗೆ 'ಡೇಟಾ' ಎಂಬ ಆರ್ಗ್ಯುಮೆಂಟ್ ಬರುತ್ತದೆ. ಯಾವ ಬಗೆಯ ಡೇಟಾಕ್ಕೆ ಚಿಲಕ ಬೇಕು ಅಂತ ಅದು ಹೇಳುತ್ತದೆ, ಡಿಎನ್‌ಎಸ್, ಕುಕಿ, ಹೀಗೆ. ಅದು ಬರೀ ಒಂದು ಸಂಖ್ಯೆ. ಕರ್ಲ್ ಲಾಕ್ ಡೇಟಾ ಲಾಸ್ಟ್ ಎಂಬಷ್ಟು ಉದ್ದದ ಮ್ಯೂಟೆಕ್ಸ್ ಅರೇ ಮಾಡಿ, ಪ್ರತಿಯೊಂದನ್ನೂ ಇನಿಟ್ ಮಾಡಿ, ಆ ಸಂಖ್ಯೆಯನ್ನೇ ಇಂಡೆಕ್ಸ್ ಆಗಿ ಬಳಸಿ. ಡಿಎನ್‌ಎಸ್ ಮಾತ್ರ ಹಂಚಿಕೊಂಡರೂ ಅರೇ ಪೂರ್ತಿ ಇರಲಿ, ಯಾಕೆಂದರೆ ಶೇರ್ ಹ್ಯಾಂಡಲನ್ನು ಕಾಯಲು ಲಿಬ್‌ಕರ್ಲ್ ತನಗೇ ಒಂದು ಬಗೆ ಇಟ್ಟುಕೊಂಡಿದೆ. ಅರೇಯನ್ನು ಯೂಸರ್‌ಡೇಟಾ ಆಯ್ಕೆಯಲ್ಲಿ ಕೊಟ್ಟರೆ ಗ್ಲೋಬಲ್ ವೇರಿಯಬಲ್ ಗೋಜೂ ಇರುವುದಿಲ್ಲ.

ಲಾಕ್ ಫಂಕ್ಷನ್‌ಗೆ 'ಆಕ್ಸೆಸ್' ಅಂತ ಇನ್ನೊಂದು ಆರ್ಗ್ಯುಮೆಂಟ್ ಇದೆ, ಓದಲು ಮಾತ್ರವೋ ಬರೆಯಲೋ ಅಂತ. ಅದನ್ನು ನೋಡಿ ಬುದ್ಧಿವಂತಿಕೆ ಮಾಡಿ ರೀಡ್-ರೈಟ್ ಲಾಕ್ (ಓದುವವರು ಹಲವರು ಒಟ್ಟಿಗೆ, ಬರೆಯುವವರು ಒಬ್ಬರೇ) ಹಾಕುವ ಮನಸ್ಸಾಗುತ್ತದೆ. ತಡೆಯಿರಿ. ತೆಗೆಯುವ ಫಂಕ್ಷನ್‌ಗೆ ಆಕ್ಸೆಸ್ ಬರುವುದಿಲ್ಲ. ಪಿಥ್ರೆಡ್‌ನ ರೀಡ್-ರೈಟ್ ಲಾಕ್‌ಗೆ ಅನ್‌ಲಾಕ್ ಒಂದೇ, ಅಲ್ಲಿ ನಡೆಯುತ್ತದೆ. ಸಿ ಪ್ಲಸ್ ಪ್ಲಸ್‌ನ ಶೇರ್ಡ್ ಮ್ಯೂಟೆಕ್ಸ್‌ನಲ್ಲಿ ಎರಡಕ್ಕೂ ಬೇರೆ ಬೇರೆ ಅನ್‌ಲಾಕ್, ಅಲ್ಲಿ ಸಿಕ್ಕಿಹಾಕಿಕೊಳ್ಳುತ್ತೀರಿ. ಸುಮ್ನೆ ಸಾದಾ ಮ್ಯೂಟೆಕ್ಸ್ ಹಾಕಿ.

ಚಿಲಕ ಕೂತ ಮೇಲೆ ಏನೇನು ಹಂಚಬೇಕು ಅಂತ ಅದೇ ಕರ್ಲ್ ಶೇರ್ ಸೆಟ್‌ಆಪ್ಟ್ ಮೂಲಕ ಹೇಳಿ. ನನ್ನ ಸಲಹೆ, ಡಿಎನ್‌ಎಸ್‌ನಿಂದ ಶುರು ಮಾಡಿ, ಆದರೆ ಅಲ್ಲೇ ನಿಲ್ಲಿಸಿ. ಪಟ್ಟಿಯಲ್ಲಿ ಕುಕಿ, ಕನೆಕ್ಷನ್ ಎಲ್ಲ ಇವೆ ಅಂತ ಆಸೆಗೆ ಬೀಳಬೇಡಿ. ಚಿಲಕ ಇದ್ದರೂ ಇವೆರಡನ್ನು ಒಟ್ಟಿಗೆ ಓಡುವ ಥ್ರೆಡ್‌ಗಳ ನಡುವೆ ಹಂಚುವುದಕ್ಕೆ ಬೆಂಬಲ ಇಲ್ಲ ಅಂತ ಲಿಬ್‌ಕರ್ಲ್‌ನ ಕೈಪಿಡಿಯೇ ಹೇಳುತ್ತದೆ. ಕನೆಕ್ಷನ್ ಹಂಚಿಕೊಳ್ಳಲೇಬೇಕು ಅನ್ನುವವರಿಗೆ ಮಲ್ಟಿ ಹ್ಯಾಂಡಲ್ ಇದೆ. ಒಂದೇ ಥ್ರೆಡ್‌ನಲ್ಲಿ ಹತ್ತಾರು ಡೌನ್‌ಲೋಡ್ ಒಟ್ಟಿಗೆ ನಡೆಯುತ್ತವೆ, ಕನೆಕ್ಷನ್‌ಗಳು ತಾವಾಗಿಯೇ ಹಂಚಿಹೋಗುತ್ತವೆ.

ಈಗ ಥ್ರೆಡ್ ಶುರು ಮಾಡಿ. ಪ್ರತಿ ಥ್ರೆಡ್ ತನ್ನ ಈಸಿ ಹ್ಯಾಂಡಲ್ ತೆರೆದು, ಅದಕ್ಕೆ ಕರ್ಲ್‌ಆಪ್ಟ್ ಶೇರ್ ಆಯ್ಕೆಯಲ್ಲಿ ಆ ಒಂದೇ ಶೇರ್ ಹ್ಯಾಂಡಲ್ ಕೊಡಲಿ. ನೋಸಿಗ್ನಲ್ ಆಯ್ಕೆಯನ್ನು 1 ಮಾಡುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಕೆಲವು ಬಿಲ್ಡ್‌ಗಳಲ್ಲಿ ಡಿಎನ್‌ಎಸ್ ಟೈಮ್‌ಔಟ್‌ಗೆ ಅಲಾರಂ ಸಿಗ್ನಲ್ ಬಳಕೆಯಾಗಿ ಥ್ರೆಡ್‌ಗಳ ನಡುವೆ ಗೊಂದಲ ಎಬ್ಬಿಸುತ್ತದೆ.

ಕೆಲಸ ಮಾಡುತ್ತಿದೆಯೋ ಇಲ್ಲವೋ ನೋಡಲು ವರ್ಬೋಸ್ (ಏನು ನಡೆಯುತ್ತಿದೆ ಅಂತ ಬರೆದು ತೋರಿಸುವ ಆಯ್ಕೆ) ಆನ್ ಮಾಡಿ. ಹೋಸ್ಟ್‌ನೇಮ್ ಡಿಎನ್‌ಎಸ್ ಕ್ಯಾಶ್‌ನಲ್ಲಿ ಸಿಕ್ಕಿತು ಎಂಬ ಅರ್ಥದ ಸಾಲು ಬರಬೇಕು. ಎಂಟೂ ಥ್ರೆಡ್ ಒಂದೇ ಗಳಿಗೆಯಲ್ಲಿ ಹೊರಟರೆ ಮೊದಲ ಸುತ್ತಿನಲ್ಲಿ ಆ ಸಾಲು ಕಾಣದಿರಬಹುದು. ಚಿಲಕ ಇರುವುದು ಕ್ಯಾಶ್ ತೆರೆದು ನೋಡುವಾಗ ಮತ್ತು ಬರೆಯುವಾಗ ಮಾತ್ರ, ಉತ್ತರ ಬರುವ ತನಕ ಅಲ್ಲ. ಖಾಲಿ ಕ್ಯಾಶ್ ನೋಡಿದ ಎಂಟೂ ಜನ ಒಟ್ಟಿಗೇ ಕೇಳಲು ಓಡುತ್ತಾರೆ. ಮೇನ್‌ನಲ್ಲೇ, ಅದೇ ಶೇರ್ ಹ್ಯಾಂಡಲ್ ಹಾಕಿ, ಒಂದು ಚಿಕ್ಕ ರಿಕ್ವೆಸ್ಟ್ ಮೊದಲೇ ಕಳಿಸಿದರೆ ಈ ನೂಕುನುಗ್ಗಲು ಇರುವುದಿಲ್ಲ. ಕ್ಯಾಶ್‌ನ ಆಯಸ್ಸು ನೀವು ಬದಲಿಸದಿದ್ದರೆ 60 ಸೆಕೆಂಡ್.

ಮುಗಿಸುವಾಗ ಕ್ರಮ ತಪ್ಪಬಾರದು. ಥ್ರೆಡ್‌ಗಳನ್ನೆಲ್ಲ ಜಾಯಿನ್ ಮಾಡಿ, ಈಸಿ ಹ್ಯಾಂಡಲ್‌ಗಳನ್ನೆಲ್ಲ ಕ್ಲೀನಪ್ ಮಾಡಿ, ಆಮೇಲೆ ಶೇರ್ ಕ್ಲೀನಪ್, ಅದಾದ ಮೇಲೆ ಮ್ಯೂಟೆಕ್ಸ್‌ಗಳು, ಕೊನೆಗೆ ಗ್ಲೋಬಲ್ ಕ್ಲೀನಪ್. ಶೇರ್ ಕ್ಲೀನಪ್ ಏನು ಉತ್ತರ ಕೊಡುತ್ತದೆ ಅಂತ ಒಮ್ಮೆ ನೋಡಿ. 'ಇನ್ ಯೂಸ್' ಅಂತ ಬಂದರೆ ಯಾವುದೋ ಥ್ರೆಡ್ ತನ್ನ ಹ್ಯಾಂಡಲ್ ಮುಚ್ಚದೆ ಹೋಗಿದೆ ಅಂತ ಅರ್ಥ. ನನಗೆ ಅದು ಪ್ರತಿ ಸಲವೂ ಸಿಕ್ಕಿದ್ದು ಎರರ್ ಬಂದಾಗ ಅರ್ಧಕ್ಕೇ ರಿಟರ್ನ್ ಆಗುವ ಜಾಗದಲ್ಲಿ.