ಮೊದಲ ವಾಚು ಬೀರುವಿನಲ್ಲೇ ಇರಬಹುದು

ವಾಚು ಸಂಗ್ರಹಿಸುವ ಆಸೆ ಹುಟ್ಟಿದವರು ಮೊದಲು ಅಂಗಡಿಯ ಕಡೆ ನೋಡುತ್ತಾರೆ. ನನ್ನ ಸಲಹೆ ಬೇರೆ. ಅಪ್ಪ ಅಮ್ಮನ ಬೀರುವಿನ ಒಳಖಾನೆ, ಕಾಗದಪತ್ರಗಳ ಪೆಟ್ಟಿಗೆ, ಹೊಲಿಗೆಯ ಡಬ್ಬಿ, ಯಾರೂ ತೆರೆಯದ ಹಳೆಯ ಪರ್ಸು, ಮೊದಲು ಇವುಗಳಲ್ಲಿ ಹುಡುಕಿ. ನಿಂತುಹೋದ ವಾಚನ್ನು ಎಸೆಯಲು ಯಾರಿಗೂ ಮನಸ್ಸು ಬರುವುದಿಲ್ಲ. ಎಲ್ಲೋ ಇಟ್ಟು ಮರೆತಿರುತ್ತಾರೆ.

ನನ್ನ ಸಂಗ್ರಹ ಶುರುವಾದದ್ದು ಅಮ್ಮನ ವಾಚಿನಿಂದ. ಅಮ್ಮ ನರ್ಸ್ ಆಗಿದ್ದಳು. ಕೀ ಕೊಡುವ ಸಣ್ಣ ವಾಚು, 17 ಹರಳಿನದು (ಒಳಗಿನ ಚಕ್ರಗಳ ತುದಿ ಸವೆಯದೆ ತಿರುಗಲೆಂದು ಕೂರಿಸಿದ ಪುಟ್ಟ ಹರಳುಗಳು), ಬಿಳಿ ಡಯಲ್, ನಡುವಿನಿಂದಲೇ ಹೊರಟ ತೆಳು ಕೆಂಪು ಸೆಕೆಂಡು ಮುಳ್ಳು. ಆ ಕಾಲದ ಹೆಂಗಸರ ಎಷ್ಟೋ ವಾಚುಗಳಲ್ಲಿ ಸೆಕೆಂಡು ಮುಳ್ಳೇ ಇರುತ್ತಿರಲಿಲ್ಲ. ಅಮ್ಮನಿಗೆ ಅದಿಲ್ಲದ ವಾಚು ಉಪಯೋಗಕ್ಕೆ ಬರುತ್ತಿರಲಿಲ್ಲ, ಏಕೆಂದರೆ ರೋಗಿಯ ನಾಡಿ ಎಣಿಸಬೇಕಿತ್ತು. ಡಯಲ್ ಮಣಿಕಟ್ಟಿನ ಒಳಬದಿಗೆ ಬರುವಂತೆ ಕಟ್ಟಿಕೊಳ್ಳುತ್ತಿದ್ದಳು. ಒಂದು ಕೈ ರೋಗಿಯ ನಾಡಿಯ ಮೇಲಿದ್ದರೆ ಇನ್ನೊಂದು ಕೈಯ ವಾಚು ಹಾಗೆಯೇ ಕಣ್ಣಿಗೆ ಕಾಣಬೇಕು. ಗಾಜಿನ ಒಂದೇ ಅಂಚಿನಲ್ಲಿ ಗೀರುಗಳು ಗುಂಪುಗೂಡಿದ್ದಕ್ಕೆ ಇದೇ ಕಾರಣ. ಮಂಚದ ಕಬ್ಬಿಣದ ಸರಳಿಗೆ ತಾಗುತ್ತಿದ್ದದ್ದು ಆ ಅಂಚು.

ಹಳೆಯ ವಾಚು ಸಿಕ್ಕಿದೊಡನೆ ಪೂರ್ತಿ ಕೀ ಕೊಟ್ಟು ಓಡಿಸಬೇಡಿ. ವರ್ಷಗಟ್ಟಲೆ ಸುಮ್ಮನಿದ್ದ ವಾಚಿನೊಳಗಿನ ಎಣ್ಣೆ ಒಣಗಿರುತ್ತದೆ ಅಥವಾ ಅಂಟಾಗಿರುತ್ತದೆ. ಗಂಟೆಗೆ 18,000 ಸಲ ಮಿಡಿಯುವ ಹಳೆಯ ಯಂತ್ರ ಒಂದು ದಿನಕ್ಕೆ 4,32,000 ಸಲ ಮಿಡಿಯುತ್ತದೆ. ಎಣ್ಣೆಯಿಲ್ಲದೆ ಅಷ್ಟು ಉಜ್ಜಿದರೆ ಚಕ್ರಗಳ ಕೂದಲೆಳೆಯಂಥ ಉಕ್ಕಿನ ತುದಿಗಳು ಸವೆಯದೆ ಇರುವುದಿಲ್ಲ. ಒಂದೆರಡು ಸುತ್ತು ಕೀ ಕೊಟ್ಟು ಜೀವವಿದೆಯೇ ಎಂದು ನೋಡಲು ಅಡ್ಡಿಯಿಲ್ಲ. ಟಿಕ್ ಟಿಕ್ ಕೇಳಿಸಿತೆಂದು ಅಂದಿನಿಂದಲೇ ಕಟ್ಟಿಕೊಂಡು ಓಡಾಡುವುದು ಮಾತ್ರ ಬೇಡ.

ಅದು ಯಾವ ಬಗೆಯ ವಾಚು ಎಂದು ತಿಳಿಯುವುದು ಸುಲಭ. ಕೀ ತಿರುಗಿಸಿದಾಗ ಬಿಗಿ ಏರುತ್ತ ಹೋಗಿ ಒಂದು ಹಂತದಲ್ಲಿ ನಿಂತರೆ ಕೀ ಕೊಡುವ ವಾಚು. ಅಲುಗಿಸಿದಾಗ ಒಳಗೆ ಏನೋ ತೂಕ ಸುತ್ತಿದಂತಾದರೆ ಆಟೊಮ್ಯಾಟಿಕ್, ಅಂದರೆ ಕೈಯ ಚಲನೆಯಿಂದ ತಾನೇ ಕೀ ತುಂಬಿಕೊಳ್ಳುವುದು. ಸೆಕೆಂಡು ಮುಳ್ಳು ಸೆಕೆಂಡಿಗೊಮ್ಮೆ ಮಾತ್ರ ಹಾರಿದರೆ ಬಹುಮಟ್ಟಿಗೆ ಕ್ವಾರ್ಟ್ಜ್, ಅಂದರೆ ಸೆಲ್ ಹಾಕಿ ಓಡಿಸುವುದು. ಕ್ವಾರ್ಟ್ಜ್ ವಾಚು ಸಿಕ್ಕಿದರೆ ತಡಮಾಡದೆ ಹಿಂದಿನ ಮುಚ್ಚಳ ತೆಗೆಸಿ ಸೆಲ್ ಹೊರಗೆ ಹಾಕಿಸಿ. ಸತ್ತ ಸೆಲ್ ಸೋರಿ ಒಳಗಿನ ತಾಮ್ರದ ಗೆರೆಗಳನ್ನು ತಿನ್ನುತ್ತದೆ. ಇನ್ನೊಂದು ಮಾತು, ಕ್ವಾರ್ಟ್ಜ್ ಎಂದು ಯಾರೂ ಮೂಗು ಮುರಿಯಬಾರದು. ಸೈಕೊ ಕಂಪನಿ 1969ರ ಡಿಸೆಂಬರ್ 25ರಂದು ಮೊದಲ ಕ್ವಾರ್ಟ್ಜ್ ಕೈಗಡಿಯಾರವನ್ನು ಮಾರುಕಟ್ಟೆಗೆ ತಂದಾಗ ಇಡೀ ಉದ್ಯಮವೇ ಅಲುಗಾಡಿತು. ನಿಮ್ಮ ತಂದೆ ದಿನವೂ ಕಟ್ಟಿಕೊಂಡದ್ದು ಕ್ವಾರ್ಟ್ಜ್ ಆಗಿದ್ದರೆ ನಿಮ್ಮ ಸಂಗ್ರಹದ ಮೊದಲ ಸ್ಥಾನ ಅದರದೇ.

ಒಂದು ಅಪಾಯವನ್ನು ಇಲ್ಲೇ ಹೇಳಿಬಿಡಬೇಕು. ಮುಳ್ಳುಗಳ ಮೇಲೆ, ಅಂಕಿಗಳ ಮೇಲೆ ಕಂದು ಬಣ್ಣಕ್ಕೆ ತಿರುಗಿದ ಪುಡಿಯಂಥ ಲೇಪವಿದ್ದರೆ, ವಾಚು 1960ರ ದಶಕದ್ದೋ ಅದಕ್ಕೂ ಹಿಂದಿನದೋ ಆಗಿದ್ದರೆ, ಅದು ಕತ್ತಲಲ್ಲಿ ಹೊಳೆಯಲೆಂದು ಹಚ್ಚುತ್ತಿದ್ದ, ವಿಕಿರಣ ಸೂಸುವ ರೇಡಿಯಂ ಆಗಿರಬಹುದು. ಕತ್ತಲಲ್ಲಿ ಹೊಳೆಯುತ್ತಿಲ್ಲ ಎಂದರೆ ಅಪಾಯ ತೀರಿತು ಎಂದಲ್ಲ. ಹೊಳೆಯಬೇಕಾದ ಪುಡಿ ದುರ್ಬಲವಾಗಿದೆ, ಅಷ್ಟೆ. ರೇಡಿಯಂ ಅರ್ಧದಷ್ಟು ಕರಗಲು ಸುಮಾರು 1600 ವರ್ಷ ಬೇಕು. ಇಂಥ ವಾಚನ್ನು ಮನೆಯಲ್ಲಿ ಬಿಚ್ಚಬೇಡಿ, ಮಕ್ಕಳ ಕೈಗೆ ಕೊಡಬೇಡಿ. ಆ ಪುಡಿ ಉಸಿರಿನೊಂದಿಗೆ ಒಳಗೆ ಹೋಗಬಾರದು. ರಿಪೇರಿಗೆ ಕೊಡುವಾಗ ವಿಷಯವನ್ನು ಮೊದಲೇ ತಿಳಿಸಿ. ಡಯಲಿನ ಕೆಳ ಅಂಚಿನಲ್ಲಿ ಸ್ವಿಸ್ ಎಂಬುದರ ಎರಡೂ ಬದಿಗೆ ಟಿ ಅಕ್ಷರವಿದ್ದರೆ ಅದು ಟ್ರಿಟಿಯಂ, ರೇಡಿಯಂ ಬದಲಿಗೆ ಬಂದ, ಅದಕ್ಕಿಂತ ದುರ್ಬಲ ವಿಕಿರಣದ ವಸ್ತು. 12 ವರ್ಷಕ್ಕೊಮ್ಮೆ ಅದರ ಶಕ್ತಿ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ, ಅಷ್ಟು ಹೆದರಬೇಕಾಗಿಲ್ಲ.

ಇನ್ನು ಹಿಂದಿನ ಮುಚ್ಚಳದ ಮೇಲಿನ ಸಂಖ್ಯೆಗಳನ್ನು ಬರೆದುಕೊಳ್ಳಿ. ಸೈಕೊ ವಾಚಾದರೆ ನಡುವೆ ಗೆರೆಯಿರುವ ಎಂಟು ಅಂಕಿಗಳಲ್ಲಿ ಮೊದಲ ನಾಲ್ಕು ಯಂತ್ರದ ಸಂಖ್ಯೆ, ಉಳಿದ ನಾಲ್ಕು ಕವಚದ್ದು. ಬೇರೆಯಾಗಿರುವ ಸರಣಿ ಸಂಖ್ಯೆಯ ಮೊದಲ ಅಂಕಿ ತಯಾರಾದ ವರ್ಷದ ಕೊನೆಯ ಅಂಕಿ, ಎರಡನೆಯದು ತಿಂಗಳು. ದಶಕ ಯಾವುದೆಂಬುದನ್ನು ಯಂತ್ರದ ಸಂಖ್ಯೆಯಿಂದ ಊಹಿಸಬೇಕು. ಸ್ವಿಸ್ ವಾಚುಗಳಲ್ಲಿ ಒಳಗಿನ ಯಂತ್ರದ ಮೇಲೆ ಗುರುತಿರುತ್ತದೆ. ಮುಚ್ಚಳ ತೆರೆದಾಗ ಫೋಟೊ ತೆಗೆಸಿಕೊಳ್ಳಿ.

ಈಗ ರಿಪೇರಿಯ ಮಾತು. ನಾನು ಅತ್ಯಂತ ಗಟ್ಟಿಯಾಗಿ ಹೇಳಬೇಕಾದದ್ದು ಇದನ್ನೇ: ವಾಚನ್ನು ಓಡುವಂತೆ ಮಾಡಿಸಿ, ಹೊಸದರಂತೆ ಮಾಡಿಸಬೇಡಿ. ರಿಪೇರಿಯವರು ಒಳ್ಳೆಯ ಮನಸ್ಸಿನಿಂದಲೇ ಡಯಲಿಗೆ ಹೊಸ ಬಣ್ಣ, ಕವಚಕ್ಕೆ ಪಾಲಿಶ್, ಹೊಸ ಮುಳ್ಳು ಎಂದು ಹೇಳುತ್ತಾರೆ. ಪಾಲಿಶ್ ಎಂದರೆ ಲೋಹವನ್ನು ಉಜ್ಜಿ ತೆಗೆಯುವುದು. ಕವಚದ ಚೂಪು ಅಂಚುಗಳು ಒಮ್ಮೆ ದುಂಡಾದರೆ ಮತ್ತೆ ಬರುವುದಿಲ್ಲ. ಹೊಸ ಬಣ್ಣದ ಡಯಲಿನಲ್ಲಿ ಮೂಲದ ಅಕ್ಷರಗಳ ನಯ ಸಿಗುವುದು ಬಹಳ ಅಪರೂಪ. ಯಂತ್ರವನ್ನು ಪೂರ್ತಿ ಬಿಚ್ಚಿ, ತೊಳೆದು, ಹೊಸ ಎಣ್ಣೆ ಹಾಕಲು ಹೇಳಿ. ಸ್ಪ್ರಿಂಗ್ ದಣಿದಿದ್ದರೆ ಬದಲಾಯಿಸಲಿ. ತೆಗೆದ ಪ್ರತಿಯೊಂದು ಭಾಗವನ್ನೂ ಚಿಕ್ಕ ಪೊಟ್ಟಣದಲ್ಲಿ ಹಾಕಿ ವಾಪಸು ಕೊಡುವಂತೆ ಮೊದಲೇ ಕೇಳಿಕೊಳ್ಳಿ. ವಾಚಿನ ಓಟವನ್ನು ಅಳೆಯುವ ಟೈಮ್‌ಗ್ರಾಫರ್ ಯಂತ್ರದ ಮೇಲಿಟ್ಟು ಅಳತೆ ತೋರಿಸಬಲ್ಲವರಾದರೆ ಇನ್ನೂ ಒಳ್ಳೆಯದು. ಹಳೆಯ ವಾಚು ದಿನಕ್ಕೆ ಅರ್ಧ ನಿಮಿಷ ಹಿಂದೆ ಮುಂದೆ ಆದರೆ ಅದನ್ನು ದೋಷವೆಂದು ನಾನು ಎಣಿಸುವುದಿಲ್ಲ.

ಅಮ್ಮನ ವಾಚಿನ ಗಾಜು ಅಕ್ರಿಲಿಕ್, ಅಂದರೆ ಒಂದು ಬಗೆಯ ಪ್ಲಾಸ್ಟಿಕ್. ಅಕ್ರಿಲಿಕ್ ಗೀರನ್ನು ಪಾಲಿಶ್ ಪೇಸ್ಟ್ ಹಚ್ಚಿ ಬಟ್ಟೆಯಿಂದ ಉಜ್ಜಿದರೆ ಮಾಯವಾಗುತ್ತದೆ. ಅಷ್ಟು ಸುಲಭವೆಂದು ತಿಳಿದಿದ್ದರೂ ನಾನು ಉಜ್ಜಲಿಲ್ಲ. ಸಮಯ ನೋಡಲು ತೊಡಕಾಗುವಷ್ಟು ಮಬ್ಬಾಗಿದ್ದರೆ ಖಂಡಿತ ಉಜ್ಜಿಸುತ್ತಿದ್ದೆ. ಯಾವ ಗುರುತು ಉಳಿಯಬೇಕು, ಯಾವುದು ಹೋಗಬೇಕು ಎಂದು ತೀರ್ಮಾನಿಸುವ ಮೊದಲು ಅದನ್ನು ಕಟ್ಟಿಕೊಂಡವರನ್ನು ಕೇಳಿ. ಅವರು ಇಲ್ಲವಾದರೆ ಒಡನಾಡಿಗಳನ್ನು ಕೇಳಿ. ಯಾವಾಗ ಕೊಂಡದ್ದು, ಯಾರು ಕೊಟ್ಟದ್ದು, ಯಾವ ಕೈಗೆ ಕಟ್ಟುತ್ತಿದ್ದರು, ಯಾವಾಗ ಬಿಚ್ಚಿಡುತ್ತಿದ್ದರು. ಅಮ್ಮನನ್ನು ಕೇಳಿದಾಗಲೇ ತಿಳಿದದ್ದು, ರಾತ್ರಿ ಪಾಳಿಯಲ್ಲಿ ಅವಳು ಮುಂಜಾನೆಯ ನಾಡಿ ಎಣಿಕೆಗೆ ಮೊದಲು ಕೀ ಕೊಡುತ್ತಿದ್ದಳೆಂದು. "ಎಣಿಸುವಾಗ ನಿಂತುಹೋದರೆ ಮತ್ತೆ ಮೊದಲಿನಿಂದ ಎಣಿಸಬೇಕಲ್ಲ" ಎಂದಳು. ಇಂಥ ಮಾತನ್ನು ಅಂದೇ ಬರೆದಿಡಿ.

ಕಟ್ಟಿಕೊಳ್ಳಲು ತೊಡಗಿದ ಮೇಲೆ ಕೆಲವು ಎಚ್ಚರಗಳು ಸಾಕು. ಕೀಯನ್ನು ವಾಚು ಬಿಚ್ಚಿ ಕೈಯಲ್ಲಿ ಹಿಡಿದೇ ಕೊಡಿ. ಮಣಿಕಟ್ಟಿನ ಮೇಲಿದ್ದಾಗ ಓರೆಯಾಗಿ ತಿರುಗಿಸಿದರೆ ಕೀಯ ಕಡ್ಡಿ ಬಾಗುತ್ತದೆ. ತಾರೀಕು ತೋರಿಸುವ ವಾಚಾದರೆ ರಾತ್ರಿ 9ರಿಂದ ಬೆಳಗಿನ ಜಾವ 3ರವರೆಗೆ ಕೀಯಿಂದ ನೇರವಾಗಿ ತಾರೀಕು ಬದಲಿಸಬೇಡಿ, ಒಳಗಿನ ಹಲ್ಲುಗಳು ಆಗ ಕೆಲಸದಲ್ಲಿರುತ್ತವೆ. ನೀರಿನಿಂದ ದೂರವಿಡಿ. 30 ಮೀಟರ್ ಎಂದು ಬರೆದಿದ್ದರೂ ಹಳೆಯ ರಬ್ಬರ್ ಸುತ್ತು ಗಟ್ಟಿಯಾಗಿ ಬಿರಿದಿರುತ್ತದೆ. ಸರಿಯಾಗಿದ್ದ ವಾಚು ಇದ್ದಕ್ಕಿದ್ದಂತೆ ನಿಮಿಷಗಟ್ಟಲೆ ಮುಂದೆ ಓಡತೊಡಗಿದರೆ ಸ್ಪೀಕರಿನ ಹತ್ತಿರವೋ ಆಯಸ್ಕಾಂತವಿರುವ ಚೀಲದೊಳಗೋ ಇಟ್ಟಿದ್ದಿರಾ ಎಂದು ನೆನಪಿಸಿಕೊಳ್ಳಿ. ಆಯಸ್ಕಾಂತದ ಗುಣ ಅಂಟಿಕೊಂಡಿದ್ದರೆ ಕ್ಷಣಾರ್ಧದಲ್ಲಿ ತೆಗೆಯಬಹುದು.

ಎರಡನೆಯ ವಾಚನ್ನು ಆರಿಸುವಾಗ ಮೊದಲನೆಯದೇ ದಾರಿ ತೋರಿಸಲಿ. ಹೆಸರುವಾಸಿ ಕಂಪನಿಗಳ ಪಟ್ಟಿ ಹಿಡಿದು ಹೊರಟರೆ ಸಂಗ್ರಹಕ್ಕೆ ಮುಖವೇ ಇರುವುದಿಲ್ಲ. ಅಮ್ಮನ ಸೆಕೆಂಡು ಮುಳ್ಳಿನಿಂದ ನಾನು ನಾಡಿ ಎಣಿಸುವ ವಾಚುಗಳ ಕಡೆ ಹೋದೆ. ಇಂಗ್ಲೆಂಡಿನ ವೈದ್ಯ ಜಾನ್ ಫ್ಲೋಯರ್ 1707ರಷ್ಟು ಹಿಂದೆಯೇ ನಾಡಿ ಎಣಿಸಲೆಂದು ಒಂದು ನಿಮಿಷ ಓಡುವ ಗಡಿಯಾರದ ಬಗ್ಗೆ ಬರೆದಿದ್ದರು. ಮುಂದೆ ಡಯಲಿನ ಅಂಚಿಗೆ ನಾಡಿಯ ಅಳತೆ ಬರೆದ ಸ್ಟಾಪ್‌ವಾಚ್ ಗಡಿಯಾರಗಳು ಬಂದವು. ಮೊದಲ ಬಡಿತಕ್ಕೆ ಗುಂಡಿ ಒತ್ತಿ, ಡಯಲಿನ ಮೇಲೆ ನಮೂದಿಸಿದಷ್ಟು, ಹೆಚ್ಚಾಗಿ 15 ಅಥವಾ 30 ಬಡಿತ ಆದೊಡನೆ ನಿಲ್ಲಿಸಿದರೆ ಮುಳ್ಳು ನಿಮಿಷದ ನಾಡಿಯನ್ನೇ ತೋರಿಸುತ್ತದೆ; ಗುಣಾಕಾರ ಬೇಡ. ಎದೆಗೆ ತಲೆಕೆಳಗಾಗಿ ಸಿಕ್ಕಿಸಿಕೊಳ್ಳುವ ನರ್ಸ್ ವಾಚುಗಳು ಇದೇ ಬಳಗಕ್ಕೆ ಸೇರಿದವು. ನಿಮ್ಮ ತಂದೆ ರೈಲಿನಲ್ಲಿ ಕೆಲಸ ಮಾಡಿದ್ದರೆ, ಶಾಲೆಯಲ್ಲಿ ಪಾಠ ಹೇಳಿದ್ದರೆ, ನಿಮ್ಮ ಎಳೆ ಬೇರೆ. ಅವರ ಕೆಲಸಕ್ಕೆ ವಾಚು ಯಾಕೆ ಬೇಕಿತ್ತು ಎಂದು ಕೇಳಿಕೊಂಡರೆ ಎಳೆ ತಾನಾಗಿ ಸಿಗುತ್ತದೆ.

ಹಳೆಯದನ್ನು ಕೊಳ್ಳುವಾಗ ಒಳಗಿನ ಯಂತ್ರದ ಚಿತ್ರ ತೋರಿಸದವರಿಂದ ಕೊಳ್ಳಬೇಡಿ. ಡಯಲಿನ ಹೆಸರು ಒಂದು, ಯಂತ್ರದ ಹೆಸರು ಇನ್ನೊಂದಾದರೆ, ಅಕ್ಷರಗಳ ಅಂಚು ಮಸಿ ಹರಡಿದಂತಿದ್ದರೆ, ನಿಮಿಷದ ಗೆರೆಗಳು ಅಂಕಿಗಳಿಗೆ ಸರಿಹೊಂದದಿದ್ದರೆ, ಹಲವು ವಾಚುಗಳ ತುಂಡು ಜೋಡಿಸಿದ್ದೋ ಡಯಲಿಗೆ ಬಣ್ಣ ಹೊಡೆದದ್ದೋ ಎಂದು ಅನುಮಾನಿಸಿ. ಅರ್ಧ ಶತಮಾನದ ಹಿಂದಿನ ವಾಚು ಕನ್ನಡಿಯಂತೆ ಥಳಥಳಿಸುತ್ತಿದ್ದರೆ ನಾನಂತೂ ಕೈಬಿಡುತ್ತೇನೆ.

ಇಡುವ ಜಾಗ ಒಣಗಿರಲಿ, ಪೆಟ್ಟಿಗೆಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣವಿರಲಿ. ಚರ್ಮದ ಪಟ್ಟಿಯನ್ನು ಬಿಚ್ಚಿಡಿ, ಬೆವರು ಕುಡಿದ ಚರ್ಮ ಲೋಹವನ್ನು ಕಪ್ಪಾಗಿಸುತ್ತದೆ. ಬಳಸದ ಕ್ವಾರ್ಟ್ಜ್ ವಾಚುಗಳಿಂದ ಸೆಲ್ ತೆಗೆಸಿ. ಪ್ರತಿ ವಾಚಿನ ಜೊತೆ ಒಂದು ಚೀಟಿಯಿಡಿ: ಯಂತ್ರದ ಸಂಖ್ಯೆ, ಎಣ್ಣೆ ಹಾಕಿಸಿದ ತಿಂಗಳು ಮತ್ತು ವರ್ಷ, ಬದಲಾಯಿಸಿದ ಭಾಗ, ಡಯಲಿನಲ್ಲಿ ರೇಡಿಯಂ ಇದ್ದರೆ ಅದು. ಮುಂದೆ ಆ ವಾಚನ್ನು ಬಿಚ್ಚುವ ರಿಪೇರಿಯವರಿಗೆ ಮೊದಲು ಬೇಕಾಗುವ ವಿವರಗಳು ಇವೇ.