ಹೊಟ್ಟೆಯ ಪರೀಕ್ಷೆಗೆ ತಯಾರಾಗುವುದು ಹೇಗೆ?

ನೋಡುವುದು ಯಂತ್ರ, ನಮ್ಮದೇನು ಕೆಲಸ ಎಂದುಕೊಂಡು ಬರುವವರೇ ಜಾಸ್ತಿ. ಆದರೆ ಹೊಟ್ಟೆಯೊಳಗೆ ಊಟ, ಗಾಳಿ, ಮಲ ತುಂಬಿದ್ದರೆ ಎಷ್ಟು ಒಳ್ಳೆಯ ಯಂತ್ರವಿದ್ದರೂ ಕಾಣಬೇಕಾದದ್ದು ಕಾಣುವುದಿಲ್ಲ. ನಾನು ಸ್ಕ್ಯಾನಿಂಗ್ ವಿಭಾಗದಲ್ಲಿ ಕೆಲಸ ಮಾಡುವವನು. ತಯಾರಿ ಸರಿಯಿಲ್ಲದೆ ಪರೀಕ್ಷೆ ಅರ್ಧಕ್ಕೆ ನಿಂತು, ಮತ್ತೊಂದು ದಿನ ಮತ್ತೆ ಉಪವಾಸ ಮಾಡಿ ಬರುವವರನ್ನು ನೋಡುತ್ತಲೇ ಇರುತ್ತೇನೆ. ಪಾಪ, ಸರಿಯಾಗಿ ಹೇಳಿಕೊಡುವವರಿದ್ದರೆ ಅವರಿಗೆ ಆ ಕಷ್ಟ ಇರುತ್ತಿರಲಿಲ್ಲ.

1. ಯಾವ ಪರೀಕ್ಷೆ, ಯಾಕೆ ಎಂದು ಕೇಳಿ

ಪಿತ್ತಕೋಶದ ಕಲ್ಲಿನ ಅನುಮಾನವಿದ್ದರೆ ಮೊದಲು ಅಲ್ಟ್ರಾಸೌಂಡ್. ನುಂಗಿದ್ದು ಎದೆಯಲ್ಲೇ ಸಿಕ್ಕಿಕೊಂಡಂತಾದರೆ ಬೇರಿಯಂ ಎಂಬ ಬಿಳಿ ದ್ರವ ಕುಡಿಸಿ ಎಕ್ಸ್‌ರೇ ತೆಗೆಯುವುದುಂಟು. ಅನ್ನನಾಳ ಎಲ್ಲಿ ಕಿರಿದಾಗಿದೆ ಎಂಬುದು ಬೆಳ್ಳಗೆ ಮೂಡುತ್ತದೆ. ಕರುಳು ಕಟ್ಟಿಕೊಂಡಿದ್ದರೆ ಸಿ.ಟಿ. ಸ್ಕ್ಯಾನ್. ಪಿತ್ತನಾಳ ನೋಡಲು ಎಂ.ಆರ್.ಸಿ.ಪಿ., ಅಂದರೆ ಪಿತ್ತನಾಳಕ್ಕೆಂದೇ ಮಾಡುವ ಎಂ.ಆರ್.ಐ. ಸ್ಕ್ಯಾನ್. ಮಕ್ಕಳಿಗೆ ಮತ್ತು ಗರ್ಭಿಣಿಯರಿಗೆ ಅಪೆಂಡಿಕ್ಸ್ ಅನುಮಾನ ಬಂದರೂ ಸಾಮಾನ್ಯವಾಗಿ ಅಲ್ಟ್ರಾಸೌಂಡ್‌ನಿಂದಲೇ ಶುರು, ಅದರಲ್ಲಿ ವಿಕಿರಣ ಇಲ್ಲ.

ದೊಡ್ಡ ಕರುಳಿಗೆ ಕೊಲೊನೋಸ್ಕೋಪಿ ಇದೆ (ಗುದದ್ವಾರದಿಂದ ಕ್ಯಾಮೆರಾ ಇರುವ ಕೊಳವೆ ಹಾಕಿ ನೋಡುವುದು), ಸಿ.ಟಿ. ಕೊಲೊನೋಗ್ರಫಿಯೂ ಇದೆ (ಸಿ.ಟಿ. ಸ್ಕ್ಯಾನ್‌ನಿಂದಲೇ ಕರುಳಿನ ಒಳಗೋಡೆ ನೋಡುವುದು). ವೈದ್ಯರು ಆಯ್ಕೆ ನಿಮಗೇ ಬಿಟ್ಟರೆ ಕೊಲೊನೋಸ್ಕೋಪಿಯನ್ನೇ ಆರಿಸಿ. ಪಾಲಿಪ್ (ಕರುಳಿನ ಒಳಗೋಡೆಯಲ್ಲಿ ಬೆಳೆದ ಗಂಟು) ಸಿಕ್ಕರೆ ಹೆಚ್ಚಿನ ಸಲ ಅಲ್ಲೇ ತೆಗೆದುಬಿಡುತ್ತಾರೆ. ಸಿ.ಟಿ.ಯಲ್ಲಿ ಸಿಕ್ಕರೆ ತೆಗೆಸಲು ಮತ್ತೆ ಕೊಲೊನೋಸ್ಕೋಪಿಗೇ ಬರಬೇಕು.

2. ಏನನ್ನೂ ಮುಚ್ಚಿಡಬೇಡಿ

ಕಿಡ್ನಿ ತೊಂದರೆ, ಹಿಂದೆ ಸ್ಕ್ಯಾನ್‌ಗೆಂದು ಕೊಟ್ಟ ಡೈ ಇಂಜೆಕ್ಷನ್‌ಗೆ ಆದ ಅಲರ್ಜಿ, ಪೇಸ್‌ಮೇಕರ್, ಗರ್ಭ, ಸಕ್ಕರೆ ಕಾಯಿಲೆಯ ಔಷಧಿ, ರಕ್ತ ತೆಳುವಾಗಿಸುವ ಮಾತ್ರೆ: ಎಲ್ಲವನ್ನೂ ಮೊದಲೇ ಹೇಳಿ. ಯಾವ ಮಾತ್ರೆಯನ್ನೂ ನೀವಾಗಿಯೇ ನಿಲ್ಲಿಸಬೇಡಿ.

3. ಅಲ್ಟ್ರಾಸೌಂಡ್‌ಗೆ ಖಾಲಿ ಹೊಟ್ಟೆ

6ರಿಂದ 8 ಗಂಟೆ ಏನೂ ತಿನ್ನಬಾರದು. ನೀರು ಕುಡಿಯಬಹುದು. ‘ಒಂದೇ ಗುಟುಕು ಹಾಲು ಕಾಫಿ’ ಎನ್ನುವವರಿಗೆ ಹೇಳುವುದಿಷ್ಟು: ಕೊಬ್ಬಿನಂಶ ಹೊಟ್ಟೆಗೆ ಹೋದರೆ ಪಿತ್ತಕೋಶ ಪಿತ್ತವನ್ನು ಹಿಂಡಿ ಹೊರಹಾಕಿ ಕುಗ್ಗುತ್ತದೆ. ತುಂಬಿದ ಪಿತ್ತಕೋಶ ಪರದೆಯ ಮೇಲೆ ಕಪ್ಪಗೆ ಕಾಣುತ್ತದೆ. ಅದರೊಳಗೆ ಕಲ್ಲು ಬೆಳ್ಳಗೆ ಹೊಳೆಯುತ್ತದೆ, ಕೆಳಗೆ ಕಪ್ಪು ನೆರಳು ಬೀಳುತ್ತದೆ. ಕುಗ್ಗಿದ ಪಿತ್ತಕೋಶದಲ್ಲಿ ಸಣ್ಣ ಕಲ್ಲು ಕಾಣದೇ ಹೋಗಬಹುದು.

4. ಕರುಳು ಖಾಲಿ ಮಾಡುವುದು

ಕೊಲೊನೋಸ್ಕೋಪಿಗೆ ಬರುವವರು ಎಡವುವುದು ಇಲ್ಲೇ. ಕಬ್ಬಿಣದ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಒಂದು ವಾರ ಮೊದಲೇ ವೈದ್ಯರನ್ನು ಕೇಳಿ. ಅದು ಮಲವನ್ನು ಕಪ್ಪಾಗಿಸಿ ಕರುಳಿನ ಗೋಡೆಗೆ ಅಂಟಿಸುತ್ತದೆ. ಎರಡು ಮೂರು ದಿನ ಮೊದಲಿನಿಂದ ಬೀಜ, ಸಿಪ್ಪೆ, ನಾರು ಇರುವ ಆಹಾರ ಬಿಡಿ. ಬೀಜಗಳು ಕೊಲೊನೋಸ್ಕೋಪಿನ ಕೊಳವೆಯಲ್ಲೇ ಸಿಕ್ಕಿಕೊಳ್ಳುತ್ತವೆ. ಹಿಂದಿನ ದಿನ ಸಾಮಾನ್ಯವಾಗಿ ತಿಳಿಯಾದ ದ್ರವ ಮಾತ್ರ. ಕೆಂಪು, ನೇರಳೆ ಬಣ್ಣದ ಪಾನೀಯ ಬೇಡ, ಒಳಗೆ ಅದು ರಕ್ತದಂತೆ ಕಾಣುತ್ತದೆ.

ಆಮೇಲೆ ಭೇದಿ ಮಾಡಿಸಿ ಕರುಳು ತೊಳೆಯುವ ಔಷಧಿ. ನನ್ನ ಮಟ್ಟಿಗೆ ಪಾಲಿಎಥಿಲಿನ್ ಗ್ಲೈಕಾಲ್ ಪುಡಿಯೇ ಒಳ್ಳೆಯದು. ಕುಡಿಯಬೇಕಾದ ಪ್ರಮಾಣ ಜಾಸ್ತಿ, 2ರಿಂದ 4 ಲೀಟರ್, ಆದರೆ ದೇಹದ ಉಪ್ಪಿನಂಶವನ್ನು ಅಷ್ಟಾಗಿ ಏರುಪೇರು ಮಾಡುವುದಿಲ್ಲ. ಕಡಿಮೆ ಕುಡಿದರೆ ಸಾಕು ಎಂಬ ಆಸೆಗೆ ಸೋಡಿಯಂ ಫಾಸ್ಫೇಟ್ ಕುಡಿಯಲು ಹೋಗಬೇಡಿ. ಅದರಿಂದ ಕಿಡ್ನಿಗೆ ಹಾನಿಯಾದದ್ದು ಕಂಡು 2008ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಕಟ್ಟುನಿಟ್ಟಿನ ಎಚ್ಚರಿಕೆ ಕೊಟ್ಟರು. ಹರಳೆಣ್ಣೆಯ ಮನೆಮದ್ದೂ ಇದಕ್ಕೆ ಸಾಲದು.

ಒಂದೇ ಸಲಕ್ಕೆ ಎಲ್ಲ ಕುಡಿಯಬೇಡಿ. ಅರ್ಧ ಹಿಂದಿನ ಸಂಜೆ. ಉಳಿದರ್ಧ ಪರೀಕ್ಷೆಯ ದಿನ, 4ರಿಂದ 6 ಗಂಟೆ ಮೊದಲು ಶುರು ಮಾಡಿ, ನಿಮಗೆ ಕೊಟ್ಟ ಹಾಳೆಯಲ್ಲಿ ಬರೆದ ಹೊತ್ತಿಗೆ ಮುಗಿಸಿ. ಬೆಳಗ್ಗೆ 10ಕ್ಕೆ ಪರೀಕ್ಷೆ ಎಂದರೆ 5ಕ್ಕೆ ಏಳಬೇಕು. ಸಂಜೆಯೇ ಎಲ್ಲ ಹೋಯಿತಲ್ಲ, ಸುಮ್ನೆ ಯಾಕೆ ನಿದ್ದೆ ಕೆಡಿಸಿಕೊಳ್ಳುವುದು ಎಂದು ಎರಡನೇ ಅರ್ಧ ಬಿಟ್ಟುಬಿಡುವವರಿದ್ದಾರೆ. ರಾತ್ರಿಯಿಡೀ ಸಣ್ಣ ಕರುಳಿನಿಂದ ಪಿತ್ತ ಬೆರೆತ ಅಂಟುದ್ರವ ಇಳಿದು ದೊಡ್ಡ ಕರುಳಿನ ಬಲಭಾಗಕ್ಕೆ ಮೆತ್ತಿಕೊಳ್ಳುತ್ತದೆ. ಚಪ್ಪಟೆ ಪಾಲಿಪ್‌ಗಳು ಹೆಚ್ಚಾಗಿ ಅಡಗುವುದೂ ಅಲ್ಲೇ. ಅದನ್ನು ತೊಳೆಯುವುದು ಈ ಎರಡನೇ ಅರ್ಧ.

ಕುಡಿಯಲು ಆಗುತ್ತಿಲ್ಲವೇ? ಫ್ರಿಜ್‌ನಲ್ಲಿಟ್ಟು ತಣ್ಣಗೆ ಮಾಡಿ. ಸ್ಟ್ರಾ ಹಾಕಿ, ನಾಲಿಗೆಯ ಹಿಂಭಾಗಕ್ಕೆ ಬೀಳುವಂತೆ ಕುಡಿಯಿರಿ. 10–15 ನಿಮಿಷಕ್ಕೊಂದು ಲೋಟ ಸಾಕು. ವಾಕರಿಕೆ ಬಂದರೆ ಅರ್ಧ ಗಂಟೆ ನಿಲ್ಲಿಸಿ, ಸ್ವಲ್ಪ ಓಡಾಡಿ, ಮತ್ತೆ ಶುರು ಮಾಡಿ. ಭೇದಿ ಶುರುವಾಗುವ ಮೊದಲೇ ಗುದದ್ವಾರಕ್ಕೆ ವ್ಯಾಸಲಿನ್ ಹಚ್ಚಿಕೊಳ್ಳಿ, ಉರಿ ತಪ್ಪುತ್ತದೆ.

ಎಷ್ಟು ಸಲ ಹೋದಿರಿ ಎಂಬುದು ಲೆಕ್ಕಕ್ಕಿಲ್ಲ, ಕೊನೆಗೆ ಏನು ಬಂತು ಎಂಬುದಷ್ಟೇ ಮುಖ್ಯ. ಮೂತ್ರದ ಹಾಗೆ ತಿಳಿ ಹಳದಿ ನೀರು ಬಂದರೆ ಆಯಿತು. ಕಂದು ಬಣ್ಣವಿದ್ದರೆ, ಚೂರುಗಳಿದ್ದರೆ ಹೊರಡುವ ಮೊದಲೇ ಫೋನ್ ಮಾಡಿ ಹೇಳಿ. ನಾಚಿಕೆ ಪಡುವಂಥದ್ದು ಇದರಲ್ಲಿ ಏನೂ ಇಲ್ಲ ಅಲ್ವಾ?

5. ಮುಗಿದ ಮೇಲೆ

ಬೇರಿಯಂ ಕುಡಿದಿದ್ದರೆ ಚೆನ್ನಾಗಿ ನೀರು ಕುಡಿಯಿರಿ. ಒಂದೆರಡು ದಿನ ಮಲ ಬೆಳ್ಳಗಿರುತ್ತದೆ. ಮಂಪರು ಔಷಧಿ ಕೊಟ್ಟಿದ್ದರೆ ಅಂದು ಗಾಡಿ ಓಡಿಸಬೇಡಿ. ಜೋರು ಹೊಟ್ಟೆನೋವು, ಜ್ವರ, ರಕ್ತಸ್ರಾವ ಕಂಡರೆ ಕೂಡಲೇ ಹಿಂತಿರುಗಿ.

6. ವರದಿ ಓದುವಾಗ

ಎಲ್ಲ ‘ನಾರ್ಮಲ್’ ಎಂದು ಬಂದರೂ ನಿಮ್ಮ ನೋವು ಸುಳ್ಳಲ್ಲ. ಇರಿಟಬಲ್ ಬವೆಲ್ ಸಿಂಡ್ರೋಮ್‌ನಂಥ (ಕರುಳಿನ ರಚನೆ ಸರಿಯಿದ್ದರೂ ಅದರ ಕೆಲಸ ಏರುಪೇರಾಗುವ) ತೊಂದರೆ ಯಾವ ಸ್ಕ್ಯಾನ್‌ನಲ್ಲೂ ಕಾಣುವುದಿಲ್ಲ. ಕೊಲೊನೋಸ್ಕೋಪಿ ವರದಿಯಲ್ಲಿ ಕರುಳು ಎಷ್ಟು ಸ್ವಚ್ಛವಿತ್ತು ಎಂಬ ಸಾಲನ್ನು ಹುಡುಕಿ. ಸ್ವಚ್ಛತೆಗೆ ಅಂಕ ಕೊಡುವ ಬೋಸ್ಟನ್ ಅಳತೆಯಲ್ಲಿ ಕರುಳಿನ ಮೂರು ಭಾಗಗಳಿಗೆ ಹೆಚ್ಚೆಂದರೆ ತಲಾ 3ರಂತೆ ಒಟ್ಟು 9 ಅಂಕ. ಯಾವುದೇ ಭಾಗಕ್ಕೆ 2ಕ್ಕಿಂತ ಕಡಿಮೆ ಬಂದಿದ್ದರೆ, ಪರೀಕ್ಷೆಯನ್ನು ಮತ್ತೆ ಯಾವಾಗ ಮಾಡಿಸಬೇಕು ಎಂದು ಅಲ್ಲೇ ವೈದ್ಯರನ್ನು ಕೇಳಿಕೊಂಡು ಬನ್ನಿ.